ಬೇರೆ ಕೈಯ ಹೊಲಿಗೆ

ಬೇರೆ ಟೈಲರು ಹೊಲಿದ ಬಟ್ಟೆಯನ್ನು ಯಾರಾದರೂ ಸರಿಮಾಡಿಸಲು ತಂದರೆ ಕೋಟು ಮಾಸ್ತರರು ಮೊದಲು ಅದರ ಒಳಮೈಯನ್ನು ಹೊರಗೆ ಮಾಡುತ್ತಿದ್ದರು. ಕನ್ನಡಕವನ್ನು ಹಣೆಗೇರಿಸಿ, ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಭುಜದ ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಎಳೆದು, ಗಿರಾಕಿಯ ಮುಖ ನೋಡದೆ ಕೇಳುತ್ತಿದ್ದರು: "ಯಾರು ಹೊಲಿದಿದ್ದು ಇದನ್ನ?"

ಅವರಿಗೆ ಉತ್ತರ ಬೇಕಿರಲಿಲ್ಲ, ಗಿರಾಕಿ ತಲೆ ತಗ್ಗಿಸಿದರೆ ಸಾಕಿತ್ತು. ಹಳೆಯ ಗಿರಾಕಿಯೊಬ್ಬ, ಬ್ಯಾಂಕಿನ ಗುಮಾಸ್ತ, ಒಮ್ಮೆ ಅವಸರಕ್ಕೆಂದು ಹಿಂದಿನ ಬೀದಿಯಲ್ಲಿ ಪ್ಯಾಂಟು ಹೊಲಿಸಿಕೊಂಡು, ಅದನ್ನೇ ತೊಟ್ಟು ಕೋಟಿನ ಅಳತೆ ಕೊಡಲು ಬಂದಿದ್ದ. ಮಾಸ್ತರರು ಪ್ಯಾಂಟನ್ನು ನೋಡಿದರು, ಅಳತೆ ತೆಗೆದುಕೊಂಡರು. ಕೋಟು ಸಿದ್ಧವಾದದ್ದು ಚಳಿಗಾಲ ಮುಗಿದ ಮೇಲೆ.

ಕಸುಬಿನ ಈ ದುರಭಿಮಾನವೇ ಅವರ ಪ್ರಾಣಕ್ಕೆ ಸಂಚಕಾರ ತಂದಿತೆಂದು ಅವರ ಹೆಂಡತಿ ಇಂದಿಗೂ ಹೇಳುತ್ತಾಳೆ. ಹೇಳುವಾಗ ಆಕೆಯ ಕಣ್ಣಲ್ಲಿ ನೀರಿರುವುದಿಲ್ಲ. ಕೈಯಲ್ಲಿ ಸೂಜಿ ಇರುತ್ತದೆ, ಅದನ್ನು ಗಾಳಿಯಲ್ಲಿ ಚುಚ್ಚಿ ಚುಚ್ಚಿ ಹೇಳುತ್ತಾಳೆ.

ಮಾಸ್ತರರು ಕೆಲಸ ಕಲಿತದ್ದು ಸೋದರಮಾವನ ಬಳಿ. ಮೊದಲು ನೆಲದ ಮೇಲಿನ ಚೂರುಗಳನ್ನು ಗುಡಿಸಿದರು, ಆಮೇಲೆ ಗುಂಡಿ ಹೊಲಿದರು, ಕತ್ತರಿ ಮುಟ್ಟುವ ಹೊತ್ತಿಗೆ ಮೀಸೆ ಬಂದಿತ್ತು. ಮಾವ ಕಲಿಸಿದ ಪಾಠ ಒಂದೇ: ಒಂದು ಬಟ್ಟೆಗೆ ಒಂದು ಕೈ. ಅಂಗಡಿಯೆಂದರೆ ಒಂದು ಕೋಣೆ, ಎರಡು ಯಂತ್ರ, ಕಿಟಕಿಯ ಪಕ್ಕ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಆಳೆತ್ತರದ ಕನ್ನಡಿ. ಹೆಂಡತಿ ಮದುವೆಯಾದ ಹೊಸತರಲ್ಲಿ ಅಲ್ಲಿ ಗುಂಡಿ ತೂರುವ ಕಾಜಾ ಹೊಲಿಯಲು ಕೂತವಳು, ಮತ್ತೆ ಏಳಲಿಲ್ಲ. ಅವರ ಬಾಯಿಂದ "ಪರವಾಗಿಲ್ಲ" ಅನ್ನಿಸಿಕೊಳ್ಳುವುದಕ್ಕೇ ಆಕೆಗೆ ಹಲವು ವರ್ಷ ಹಿಡಿಯಿತು. ಅದಕ್ಕಿಂತ ದೊಡ್ಡ ಮಾತು ಅವರ ಬಾಯಿಂದ ಯಾರಿಗೂ ಬಿದ್ದಿರಲಿಲ್ಲವಾದ್ದರಿಂದ ಆಕೆ ಅಷ್ಟಕ್ಕೇ ತೃಪ್ತಿಪಟ್ಟುಕೊಂಡಿದ್ದಳು.

ವಯಸ್ಸಾಗುತ್ತ ಅವರ ಎದೆಬಡಿತ ತಾಳ ತಪ್ಪಿತು. ದೊಡ್ಡ ಆಸ್ಪತ್ರೆಯ ಹೃದಯದ ಡಾಕ್ಟರು ಪರೀಕ್ಷೆ ಮಾಡಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಬರೆದುಕೊಟ್ಟರು. ತಪ್ಪದೆ ನುಂಗಬೇಕು, ತಮ್ಮನ್ನು ಕೇಳದೆ ಬೇರೆ ನೋವಿನ ಮಾತ್ರೆ ತೆಗೆದುಕೊಳ್ಳಬಾರದು ಎಂದೂ ಹೇಳಿದರು. ಹೆಂಡತಿ ಈ ಮಾತು ಕೇಳಿಸಿಕೊಳ್ಳಲಿಲ್ಲ. ಇಬ್ಬರೂ ಎದ್ದುಹೋದರೆ ಅಂಗಡಿ ನೋಡುವವರು ಯಾರು? ಆಕೆ ಅಂಗಡಿಯಲ್ಲಿದ್ದಳು. ಮಾಸ್ತರರು ಮನೆಗೆ ಬಂದು ಹೇಳಿದ್ದು ಇಷ್ಟೇ: "ಏನಿಲ್ಲ, ಒಂದು ಮಾತ್ರೆ."

ಆಮೇಲೆ ಮಂಡಿ ಹಿಡಿಯಿತು. ಜೀವಮಾನವಿಡೀ ಯಂತ್ರ ತುಳಿದ ಮಂಡಿ, ಹಿಡಿಯದೆ ಇರುತ್ತದೆಯೇ. ಅದಕ್ಕೆ ಊರಿನ ಇನ್ನೊಂದು ತುದಿಯ ಮೂಳೆ ಡಾಕ್ಟರ ಹತ್ತಿರ ಹೋದರು. ಅವರೂ ಒಂದು ಮಾತ್ರೆ ಬರೆದರು. ನೋವು ಇಳಿಯಿತು, ಮಾಸ್ತರರು ಮತ್ತೆ ಶಿಳ್ಳೆ ಹಾಕುತ್ತ ಯಂತ್ರ ತುಳಿದರು. ಹೃದಯದ ಮಾತ್ರೆ ಮನೆಯ ಕಪಾಟಿನಲ್ಲಿ, ಮಂಡಿಯ ಮಾತ್ರೆ ಅಂಗಡಿಯಲ್ಲಿ ದಾರ ಸುತ್ತಿದ ಬಾಬಿನ್ ಇಡುವ ಡಬ್ಬಿಯಲ್ಲಿ. ಒಂದನ್ನು ಕೊಳ್ಳುವುದು ಈ ಔಷಧಿ ಅಂಗಡಿಯಲ್ಲಿ, ಇನ್ನೊಂದನ್ನು ಆ ಔಷಧಿ ಅಂಗಡಿಯಲ್ಲಿ. ಹೆಂಡತಿ ಅದನ್ನು ಗಮನಿಸಿ, ಮಂಡಿ ಡಾಕ್ಟರಿಗೆ ಎದೆಯ ವಿಷಯ ಹೇಳಿದ್ದೀರಾ ಎಂದು ಕೇಳದೆ ಇರಲಿಲ್ಲ.

"ಎಲ್ಲಾ ಹೇಳಿದೀನಿ. ನೀನು ಕಾಜಾ ನೋಡ್ಕೋ."

ಸುಳ್ಳು. ಆದರೆ ಇದು ಸುಳ್ಳೆಂದು ಆಕೆಗೆ ಆಗ ತಿಳಿಯಲಿಲ್ಲ.

ಮೊದಲು ಕಂಡದ್ದು ಹೋಟೆಲಿನ ಮೇಲ್ವಿಚಾರಕರ ಬಿಳಿ ಕೋಟಿನ ಕಾಲರಿನ ಮೇಲೆ, ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ. ಹೊಲಿಯುವವರಿಗೆ ಇದು ದೊಡ್ಡ ಸಂಗತಿಯಲ್ಲ. ಸ್ವಂತ ರಕ್ತದ ಕಲೆಗೆ ಸ್ವಂತ ಉಗುಳೇ ಮದ್ದು ಎಂದು ಅವರು ನಂಬುತ್ತಾರೆ, ದಾರದ ತುಂಡನ್ನು ಅಗಿದು ಒದ್ದೆಮಾಡಿ ಕಲೆಯ ಮೇಲೆ ಒತ್ತುತ್ತಾರೆ. ಮಾಸ್ತರರು ಒತ್ತಿದರು, ಕಲೆ ಹೋಯಿತು. ಸ್ವಲ್ಪ ಹೊತ್ತಿಗೆ ಅದೇ ಬೆರಳಿನಿಂದ ತೋಳಿನ ಮೇಲೆ ಇನ್ನೊಂದು. ಹೆಂಡತಿ ಕೋಟನ್ನು ಅವರ ಕೈಯಿಂದ ಕಸಿದುಕೊಂಡಳು. ಬೆರಳಿಗೆ ತಗಡಿನ ಟೊಪ್ಪಿ ಹಾಕಿಕೊಳ್ಳಲು ಏನು ರೋಗ ಎಂದು ಕೇಳಿದಳು.

"ಟೈಲರಿಗೆ ಸೂಜಿ ಚುಚ್ಚದೆ ಇನ್ನೇನು ಗುದ್ದಲಿ ಚುಚ್ಚುತ್ತಾ?" ಎಂದರು ಮಾಸ್ತರರು.

ಚುಚ್ಚುವುದು ಹೊಸದಲ್ಲ. ನಿಲ್ಲದಿರುವುದು ಹೊಸದು. ಚಿಂದಿ ಸುತ್ತಿದರೆ ಚಿಂದಿ ನೆನೆಯುತ್ತಿತ್ತು. ಸ್ನಾನ ಮಾಡಿ ಬಂದಾಗ ನೋಡಿದರೆ ತೊಡೆಯ ಮೇಲೆ, ಮೇಜಿನ ಅಂಚು ತಾಗುವ ಜಾಗದಲ್ಲಿ, ನೇರಳೆ ಬಣ್ಣದ ಮಚ್ಚೆಗಳು. ವಯಸ್ಸಾಯಿತಲ್ಲ, ಚರ್ಮ ತೆಳುವಾಗಿದೆ ಎಂದರು. ಮುಖ ಸುಣ್ಣ ಬಳಿದಂತಾದಾಗ ಬಿಸಿಲಿಗೆ ಹೋಗದೆ ಹಾಗಾಗಿದೆ ಎಂದರು. ಮೆಟ್ಟಿಲು ಹತ್ತಿ ಏದುಸಿರು ಬಿಟ್ಟಾಗ ಮೆಟ್ಟಿಲು ಕಟ್ಟಿದವನನ್ನು ಬೈದರು. ಅವರ ಬಳಿ ಎಲ್ಲದಕ್ಕೂ ಒಂದು ತೇಪೆ ಇರುತ್ತಿತ್ತು. ಹೆಂಡತಿ ಕೇಳಿ ಕೇಳಿ ಸಾಕಾಗಿ, ನಿಮ್ಮ ಹಣೆಬರಹ ಎಂದು ಬಿಟ್ಟುಬಿಟ್ಟಳು. ಬಿಟ್ಟದ್ದಕ್ಕೆ ಆಮೇಲೆ ತನ್ನನ್ನೂ ಅಷ್ಟೇ ಬೈದುಕೊಂಡಳು. ಮಲ ಟಾರಿನಂತೆ ಕಪ್ಪಾಗಿ ಹೋಗುತ್ತಿದ್ದುದರ ಬಗ್ಗೆಯಂತೂ ಮಹಾಶಯರು ಬಾಯಿಯೇ ಬಿಟ್ಟಿರಲಿಲ್ಲ. ಹೆಂಡತಿಯ ಮುಂದೆ ಆಡುವ ಮಾತೇ ಅದು ಎಂಬ ಮರ್ಯಾದೆ.

ಆ ಬಿಳಿ ಕೋಟನ್ನು ತೊಡಿಸಿ ನೋಡುವ ದಿನ ಬಂತು. ಮೇಲ್ವಿಚಾರಕರು ಕನ್ನಡಿಯ ಮುಂದೆ ನಿಂತಿದ್ದರು. ಮಾಸ್ತರರು ತುಟಿಗಳ ನಡುವೆ ಗುಂಡುಪಿನ್ನುಗಳನ್ನು ಸಾಲಾಗಿ ಕಚ್ಚಿಕೊಂಡು, ಬಗ್ಗಿ ಕೋಟಿನ ಅಂಚನ್ನು ಮಡಚುತ್ತಿದ್ದರು. ಎದ್ದು ನಿಲ್ಲಲು ಹೋದವರು ಕನ್ನಡಿಯನ್ನು ಹಿಡಿದುಕೊಂಡರು, ಆಮೇಲೆ ಮೇಲ್ವಿಚಾರಕರ ಮೊಣಕಾಲನ್ನು ಹಿಡಿದುಕೊಂಡರು, ಆಮೇಲೆ ಏನನ್ನೂ ಹಿಡಿಯದೆ ನೆಲಕ್ಕೆ ಬಿದ್ದರು.

ಹೆಂಡತಿ ಓಡಿಬಂದು ಮೊದಲು ಮಾಡಿದ್ದು ಅವರ ಬಾಯಿಗೆ ಬೆರಳು ಹಾಕಿ ಪಿನ್ನುಗಳನ್ನು ಒಂದೊಂದಾಗಿ ಹೆಕ್ಕಿದ್ದು. ಪಕ್ಕದ ಇಸ್ತ್ರಿ ಅಂಗಡಿಯವನು ತನ್ನ ಸಾಮಾನು ಗಾಡಿ ತಂದ. ಒಗೆದ ಬಟ್ಟೆಗಳ ಗಂಟುಗಳ ನಡುವೆ ಮಾಸ್ತರರನ್ನು ಒರಗಿಸಿದರು. ಹೊರಡುವ ಮೊದಲು ಆಕೆ ಒಳಗೆ ಹೋಗಿ ಬಾಬಿನ್ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. ದಾರಿಯಲ್ಲಿ ಮನೆಯ ಮುಂದೆ ಗಾಡಿ ನಿಲ್ಲಿಸಿ ಕಪಾಟಿನ ಮಾತ್ರೆಯನ್ನೂ ತಂದಳು. ಯಾಕೆಂದು ಆಕೆಗೇ ಗೊತ್ತಿರಲಿಲ್ಲ. ಆಸ್ಪತ್ರೆಗೆ ಬರಿಗೈಯಲ್ಲಿ ಹೋಗಬಾರದೆಂದು ಅನ್ನಿಸಿತ್ತು, ಅಷ್ಟೇ.

ತುರ್ತು ಚಿಕಿತ್ಸೆಯ ಕೋಣೆಯಲ್ಲಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಮಾಸ್ತರರ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿ, ಏನೇನು ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದಳು. ಅಷ್ಟು ಹೊತ್ತು ಮಾತಿಗೇ ಶಕ್ತಿಯಿಲ್ಲದಿದ್ದ ಮಾಸ್ತರರು ಈಗ ಕಣ್ಣು ಬಿಟ್ಟು, ಎದೆಗೆ ಒಂದೇ ಒಂದು, ಇದೇ ಆಸ್ಪತ್ರೆಯ ಡಾಕ್ಟರದ್ದು, ಬೇರೇನೂ ಇಲ್ಲ ಎಂದರು. ಹೆಂಡತಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಆಕೆ ಚೀಲವನ್ನು ಹಾಸಿಗೆಯ ಮೇಲೆ ಬೋರಲು ಹಾಕಿದಳು. ಬಾಬಿನ್‌ಗಳು ಉರುಳಿದವು, ಮಾತ್ರೆಯ ಪಟ್ಟಿಗಳು ಬಿದ್ದವು.

ಡಾಕ್ಟರಮ್ಮ ಮಂಡಿಯ ಮಾತ್ರೆಯ ಪಟ್ಟಿಯನ್ನು ಎತ್ತಿದಳು. ತಿರುಗಿಸಿದಳು. ಬೆಳಕಿಗೆ ಹಿಡಿದಳು.

"ಯಾರು ಬರೆದಿದ್ದು ಇದನ್ನ?"

ಮಾಸ್ತರರು ಹಾಸಿಗೆಯಿಂದಲೇ ಹೆಂಡತಿಯ ಕಡೆ ನೋಡಿದರು. ಆ ಬಿಳುಚಿದ ಮುಖದಲ್ಲಿ ಗೆದ್ದವನ ಕಳೆಯಿತ್ತು. "ನೋಡಿದ್ಯಾ? ನಂಗೆ ಗೊತ್ತಿತ್ತು, ಹೀಗೇ ಕೇಳ್ತಾರೆ ಅಂತ."

ಆಗ ಎಲ್ಲ ಹೊರಗೆ ಬಂತು. ಮಂಡಿ ಡಾಕ್ಟರು, ಬೇರೆ ಮಾತ್ರೆ ಏನಾದರೂ ಇದೆಯೇ ಎಂದು ಕೇಳಿಯೇ ಇದ್ದರು. ಇವರು ಇಲ್ಲವೆಂದಿದ್ದರು. ಒಬ್ಬರ ಕೈಯ ಕೆಲಸವನ್ನು ಇನ್ನೊಬ್ಬರ ಮುಂದೆ ಬಿಚ್ಚಿಟ್ಟರೆ ಅವರು ಬೆಳಕಿಗೆ ಹಿಡಿಯುವುದಿಲ್ಲವೇ, ತಪ್ಪು ಹುಡುಕುವುದಿಲ್ಲವೇ, ಇವನು ಅಲ್ಲಿಗೂ ಹೋಗುವವನು ಎಂದು ಮನಸ್ಸಲ್ಲಿ ಇಟ್ಟುಕೊಳ್ಳುವುದಿಲ್ಲವೇ? ಆಮೇಲೆ ಯಾರು ಮನಸ್ಸಿಟ್ಟು ನೋಡುತ್ತಾರೆ? ಅವರೂ ಕಸುಬಿನವರೇ ತಾನೇ. ಹಾಗೆಂದೇ ಔಷಧಿ ಅಂಗಡಿಗಳೂ ಬೇರೆಬೇರೆ. ನೋವಿನ ಮಾತ್ರೆ ಬೇಡವೆಂದು ಹೃದಯದವರು ಹೇಳಿರಲಿಲ್ಲವೇ ಎಂದು ಡಾಕ್ಟರಮ್ಮ ಕೇಳಿದರೆ, ಅದು ಅಂಗಡಿಯಲ್ಲಿ ತಾನಾಗಿ ಕೊಂಡು ನುಂಗುವವರಿಗೆ ಹೇಳಿದ್ದು, ಇದು ಡಾಕ್ಟರೇ ಬರೆದದ್ದಲ್ಲವೇ ಎಂದರು. ಡಾಕ್ಟರು ಬರೆದದ್ದು ಹೇಗೆ ಕೆಟ್ಟದ್ದಾಗುತ್ತದೆ?

ಡಾಕ್ಟರಮ್ಮ ಅವರ ಕೈಗೆ ಸೂಜಿ ಚುಚ್ಚುತ್ತಲೇ ಉತ್ತರ ಹೇಳಿದಳು. ಎರಡೂ ಒಳ್ಳೆಯ ಮಾತ್ರೆಗಳೇ, ಬೇರೆಬೇರೆಯಾಗಿ. ಮಂಡಿಯದು ಹೊಟ್ಟೆಯ ಒಳಪದರವನ್ನು ಕೆರೆದು ಹುಣ್ಣು ಮಾಡಬಲ್ಲದು. ಹೃದಯದ್ದು ರಕ್ತವನ್ನು ಸುಲಭಕ್ಕೆ ನಿಲ್ಲಗೊಡುವುದಿಲ್ಲ. ಒಂದು ಗಾಯ ಮಾಡಿತು, ಇನ್ನೊಂದು ಅದನ್ನು ಮುಚ್ಚಲು ಬಿಡಲಿಲ್ಲ. ದಿನಗಟ್ಟಲೆ ಹೊಟ್ಟೆಯೊಳಗೆ ಸೋರುತ್ತಿದೆ.

"ಯಾರು ಬರೆದಿದ್ದು ಅಂತ ಕೇಳಿದ್ದು ಅವರನ್ನ ಬೈಯೋಕಲ್ಲ, ಅಜ್ಜ. ಫೋನ್ ಮಾಡಿ ಹೇಳೋಕೆ. ನೀವು ಹೇಳ್ದೆ ನಮಗೆ ಹೇಗೆ ಗೊತ್ತಾಗುತ್ತೆ?"

ಹೆಂಡತಿ ಅಷ್ಟು ಹೊತ್ತು ಬಾಬಿನ್ ಹೆಕ್ಕುತ್ತಿದ್ದವಳು ತಲೆ ಎತ್ತಿದಳು. ಆಕೆಯ ದನಿ ಏರಲಿಲ್ಲ.

"ಪ್ಯಾಂಟು ಬಿಗಿಯಾದ್ರೆ ಬಿಚ್ಚಿ ಹೊಲಿಬಹುದು ರೀ. ನಿಮ್ಮನ್ನ ಬಿಚ್ಚಿ ಹೊಲಿಯೋಕೆ ನನಗೆ ಬರಲ್ಲ."

ಬೇರೆಯವರ ರಕ್ತ ಕೊಟ್ಟರು. ದೀಪವಿರುವ ಕೊಳವೆಯನ್ನು ಗಂಟಲಿನಿಂದ ಇಳಿಸಿ ಹುಣ್ಣನ್ನು ಸುಟ್ಟು ಮುಚ್ಚಿದರು. ಉಳಿಯುತ್ತಾರೋ ಇಲ್ಲವೋ ಎಂದು ಹೆಂಡತಿ ಹೊರಗಿನ ಬೆಂಚಿನ ಮೇಲೆ ಕೂತು ಕಾದಳು. ಕಾಯುವಾಗ ದೇವರಿಗಿಂತ ಹೆಚ್ಚಾಗಿ ಗಂಡನ ಸೋದರಮಾವನನ್ನು ನೆನೆದಳು. ಒಂದು ಬಟ್ಟೆಗೆ ಒಂದು ಕೈಯಂತೆ. ಸತ್ತವನಾದ್ದರಿಂದ ಆತನಿಗೆ ಆಕೆಯ ಶಾಪ ತಟ್ಟಲಿಲ್ಲ, ಇಲ್ಲವಾದರೆ ಅವತ್ತು ತಟ್ಟುತ್ತಿತ್ತು.

ಮಾಸ್ತರರು ಉಳಿದರು. ಹೃದಯದ ಡಾಕ್ಟರೂ ಮೂಳೆ ಡಾಕ್ಟರೂ ಫೋನಿನಲ್ಲಿ ಮಾತಾಡಿಕೊಂಡರು, ಜಗಳವಾಡಲಿಲ್ಲ. ಮಂಡಿಗೆ ಮಾತ್ರೆ ನಿಂತು ಮುಲಾಮು, ವ್ಯಾಯಾಮ ಬಂದವು. ಹೃದಯದ ಮಾತ್ರೆಯನ್ನು ಕೆಲವು ದಿನ ತಡೆದು, ಹೊಟ್ಟೆ ಕಾಯುವ ಮಾತ್ರೆಯ ಜೊತೆಗೆ ಮತ್ತೆ ಶುರುಮಾಡಿದರು.

ಮತ್ತೆ ತೋರಿಸಲು ಹೋಗುವ ದಿನ ಹೆಂಡತಿ ಅಂಗಡಿಗೆ ಬೀಗ ಹಾಕಿದಳು. ಗಿರಾಕಿ ಬಂದರೆ ಎಂದು ಮಾಸ್ತರರು ಗೊಣಗಿದರು. ಬಂದರೆ ಬೀಗ ನೋಡಿಕೊಂಡು ಹೋಗುತ್ತಾರೆ ಎಂದಳು. ಡಾಕ್ಟರ ಕೋಣೆಯೊಳಗೂ ಹೋಗಿ ಅವರ ಪಕ್ಕದ ಕುರ್ಚಿಯಲ್ಲೇ ಕೂತಳು. ಹೃದಯದ ಡಾಕ್ಟರು ನಾಡಿ ನೋಡಿದರು, ಮೇಜಿನ ಮೇಲೆ ಆಕೆ ಜೋಡಿಸಿಟ್ಟ ಮಾತ್ರೆಗಳನ್ನು ನೋಡಿದರು, ಇಷ್ಟೇ ತಾನೇ ಎಂದು ಕೇಳಿದರು. ಇಷ್ಟೇ ಎಂದಳು ಹೆಂಡತಿ.

ಮಾಸ್ತರರು ಕೆಮ್ಮಿದರು. ಚಪ್ಪಲಿ ನೋಡಿಕೊಂಡರು. ಕೋಟಿನೊಳಗೆ ಕೈ ಹಾಕಿ, ಹೆಂಡತಿ ಎಂದೂ ಕಾಣದಿದ್ದ ಒಂದು ಜೇಬಿನಿಂದ ಅರ್ಧ ಖಾಲಿಯಾದ ಪಟ್ಟಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಬೀಳುವ ಮೊದಲೇ ತಲೆ ಸುತ್ತುತ್ತಿತ್ತಂತೆ. ತಲೆ ಸುತ್ತಿಗೆ ಕಿವಿಯೇ ಕಾರಣವೆಂದು ಯಾರೋ ಹೇಳಿದ್ದರಂತೆ. ಕಿವಿ ಡಾಕ್ಟರ ಹತ್ತಿರ ಹೋಗಿದ್ದರಂತೆ. ಸುಮ್ಮನೆ ಹಾಳಾಗುವುದೇಕೆಂದು ಈಗಲೂ ಆಗಾಗ ಒಂದು ನುಂಗುತ್ತಿದ್ದರಂತೆ.

ಹೆಂಡತಿ ಕಣ್ಣು ಮುಚ್ಚಿಕೊಂಡಳು.

ಡಾಕ್ಟರು ಪಟ್ಟಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. "ಯಾರು ಬರೆದಿದ್ದು ಇದನ್ನ?"

ಮಾಸ್ತರರು ತಲೆ ತಗ್ಗಿಸಲಿಲ್ಲ. ಅಳತೆ ಕೂಗಿ ಹೇಳುವವರಂತೆ ನೆಟ್ಟಗೆ ಕೂತು, ಕಿವಿ ಡಾಕ್ಟರ ಹೆಸರು, ಬೀದಿ, ಬಾಗಿಲು ತೆರೆಯುವ ಹೊತ್ತು, ಎಲ್ಲವನ್ನೂ ಒಪ್ಪಿಸಿದರು. ಡಾಕ್ಟರು ಬರೆದುಕೊಂಡರು. ತಲೆ ಸುತ್ತಿದ್ದು ರಕ್ತ ಸೋರಿದ್ದಕ್ಕೆ, ಕಿವಿಗಲ್ಲ, ಇದನ್ನು ಇನ್ನು ನುಂಗಬೇಡಿ, ಹೇಳಿದ್ದು ಒಳ್ಳೆಯದಾಯಿತು ಎಂದರು. ಮಾಸ್ತರರು ಹೆಂಡತಿಯ ಕಡೆ ತಿರುಗಿದರು. ಅವಳಿಂದ ಒಂದು "ಪರವಾಗಿಲ್ಲ" ನಿರೀಕ್ಷಿಸಿದಂತಿತ್ತು.

"ಬಿಚ್ಚಿ ಕೋಟು" ಎಂದಳು ಹೆಂಡತಿ.

"ಇಲ್ಲೇನೇ?"

"ಇಲ್ಲೇ."

ಬಿಚ್ಚಿಕೊಟ್ಟರು. ಆಕೆ ಡಾಕ್ಟರ ಮೇಜಿನ ಮೇಲೆ ಕೋಟಿನ ಒಳಮೈಯನ್ನು ಹೊರಗೆ ಮಾಡಿ, ಅಸ್ತರಿನ ಉದ್ದಕ್ಕೂ ಹೆಬ್ಬೆರಳು ಎಳೆಯುತ್ತ ಉಳಿದ ಜೇಬುಗಳನ್ನು ಹುಡುಕತೊಡಗಿದಳು.