ಮುತ್ಯಾನ ವಹಿಗೆ ಅರ್ಧ ತಾಸು

ಕಮಲಾಪುರದ ತಮ್ಮನ ಮನೆಗೆ ಸುಣ್ಣ ಹಚ್ಚಬೇಕೆಂದು ಒಳಕೋಣೆಯ ಸಾಮಾನನ್ನೆಲ್ಲ ಅಂಗಳಕ್ಕೆ ಹಾಕಿದ್ದರು. ಆ ಭಾನುವಾರ ಅವ್ವನನ್ನು ನೋಡಲು ಹೋದ ನಾನು ಸೆರಗು ಸಿಕ್ಕಿಸಿ ಕೈಹಚ್ಚಿದೆ. ಹಳೆಯ ಟ್ರಂಕಿನ ತಳದಲ್ಲಿ ಬಟ್ಟೆ ಸುತ್ತಿಟ್ಟ ಒಂದು ದಪ್ಪ ವಹಿ ಸಿಕ್ಕಿತು. ಬಿಚ್ಚಿದರೆ, ಪ್ರತಿ ಪುಟದಲ್ಲೂ ಒತ್ತೊತ್ತಾಗಿ ಬರೆದ ಉರ್ದು.

ಅವ್ವ ಅದನ್ನು ಇಸಿದುಕೊಂಡು, ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು.

“ನಮ್ಮಪ್ಪನ ಅಕ್ಷರ,” ಎಂದಳು.

ಅವ್ವನ ಅಪ್ಪ, ಅಂದರೆ ನಮ್ಮ ಮುತ್ಯಾ, ನಿಜಾಮರ ಕಾಲದ ಶಾಲೆಯಲ್ಲಿ ಓದಿದವನು. ಆಗ ನಮ್ಮ ಕಡೆ ಓದುವುದೆಂದರೆ ಉರ್ದುವೇ. ಮನೆಯಲ್ಲಿ ಕನ್ನಡ ಮಾತಾಡಿದರೂ ಬರೆಯಲು ಕೂತರೆ ಅವನ ಕೈಗೆ ಬರುತ್ತಿದ್ದದ್ದು ಉರ್ದು ಮಾತ್ರ. ಕಡೆಯ ಎರಡು ವರ್ಷ ಮಗಳ ಮನೆಯಲ್ಲೇ ಇದ್ದು ತೀರಿಕೊಂಡ. ಟ್ರಂಕು ಅವನದು. ಅವನ ನಂತರ ನಮ್ಮಲ್ಲಿ ಯಾರಿಗೂ ಉರ್ದು ಓದಲು ಬರುತ್ತಿರಲಿಲ್ಲ.

ತಮ್ಮ ಕೈಚಾಚಿದ. “ಬಜಾರದಾಗ ಓದೋ ಮಂದಿ ಬೇಕಾದಷ್ಟು ಅದಾರ. ಸಂಜಿಮುಂದ ಓದಿಸ್ಕೊಂಡು ಬರ್ತೀನಿ, ಕೊಡಬೇ.”

“ಬ್ಯಾಡ. ಅದ್ರಾಗ ಏನ್ ಬರ್ದಾನೋ ಏನೋ. ನಮ್ಮಪ್ಪನ ಮಾತು ಮಂದಿ ಬಾಯಿಲಿಂದ ನಾ ಕೇಳಂಗಿಲ್ಲ.” ಆಮೇಲೆ ನನ್ನ ಕಡೆ ತಿರುಗಿದಳು. “ನೀ ಟೀಚರ್ ಇದ್ದೀ. ಊರ ಮಕ್ಕಳಿಗೆಲ್ಲಾ ಕಲಿಸ್ತಿ. ನೀನೇ ಕಲ್ತು ನಂಗ ಓದಿ ಹೇಳು.”

“ಆಯ್ತು ತಗೋಬೇ, ಕಲೀತೀನಿ,” ಎಂದೆ. ಎಷ್ಟು ಸುಲಭವಾಗಿ ಅಂದುಬಿಟ್ಟೆನೆಂದರೆ, ಹೇಳುತ್ತಲೇ ಪಾತ್ರೆಗಳನ್ನು ಒರೆಸುತ್ತಿದ್ದೆ.

ಕಲಬುರಗಿಯಲ್ಲಿ, ಕುಸನೂರ ಕಡೆ ನಮ್ಮ ಮನೆ. ಗಂಡ, ಪಿಯುಸಿ ಓದುವ ಮಗಳು, ನಾನು. ಊರಾಚೆಯ ಸರ್ಕಾರಿ ಶಾಲೆಯೊಂದರಲ್ಲಿ ನನ್ನ ಕೆಲಸ. ವಹಿಯನ್ನು ತಂದು ಕಪಾಟಿನಲ್ಲಿ ಸೀರೆಗಳ ಮೇಲೆ ಇಟ್ಟೆ. ಪ್ರತಿ ಭಾನುವಾರ ಕಮಲಾಪುರಕ್ಕೆ ಹೋದಾಗ ಅವ್ವ ಕೇಳುತ್ತಿದ್ದಳು: “ಎಲ್ಲಿತನಕ ಬಂತು?” ನಾನು ಪ್ರತಿ ಸಲ ಒಂದು ಕಾರಣ ಒಯ್ಯುತ್ತಿದ್ದೆ. ಗಣತಿ ಕೆಲಸ, ಪರೀಕ್ಷೆ ಪೇಪರು, ಮನೆಗೆ ಬಂದ ಬೀಗರು. ಒಂದೂ ಸುಳ್ಳಲ್ಲ. ದಿನವಿಡೀ ನಿಂತ ಕಾಲ ಮೇಲೆ ದುಡಿಯುತ್ತಿದ್ದೆ.

ಐದು ತಿಂಗಳಾದ ಮೇಲೆ ಒಂದು ಭಾನುವಾರ ಅವ್ವ ಕೇಳಲಿಲ್ಲ. ಚಹಾ ಕೊಟ್ಟಳು, ಮೊಮ್ಮಗಳ ಬಗ್ಗೆ ವಿಚಾರಿಸಿದಳು, ತಮ್ಮನ ಹೊಲದ ಕೆಂಪು ಬಾಳೆಹಣ್ಣು ಕಟ್ಟಿಕೊಟ್ಟಳು. ನಾನು ಏನೋ ಹೇಳಿದೆ. ಅವಳು “ಹ್ಞಾಂ?” ಎಂದು ಬಲಗಿವಿಯನ್ನು ನನ್ನ ಬಾಯಿಯ ಹತ್ತಿರಕ್ಕೆ ತಂದಳು. ಎಡಗಿವಿ ಕೇಳಿಸದೆ ವರ್ಷಗಳಾಗಿದ್ದವು. ಬಲಗಿವಿಯೂ ಹೋಗತೊಡಗಿದೆ ಎಂದು ಅವತ್ತೇ ನನಗೆ ಗೊತ್ತಾದದ್ದು. ತಿರುಗಿ ಬರುವಾಗ ಬಸ್ಸಿನ ಕಿಟಕಿ ಪಕ್ಕ ಕೂತು, ಹಣ್ಣಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ಅದೇ ಯೋಚನೆ. ಅವಳು ಕೇಳುವುದನ್ನು ಬಿಟ್ಟಿದ್ದು ಮರೆತು ಅಲ್ಲ. ನನ್ನನ್ನು ಕಷ್ಟಕ್ಕೆ ಹಾಕಬಾರದೆಂದು.

ಮನೆಗೆ ಬಂದವಳೇ ಚಪ್ಪಲಿ ಬಿಡದೆ ನಮ್ಮ ಓಣಿಯ ಆಪಾ ಮನೆಗೆ ನಡೆದೆ. ಆಪಾ, ಅಂದರೆ ಓಣಿಗೆಲ್ಲ ಅಕ್ಕ, ಉರ್ದು ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದವರು. ಕಥೆಯೆಲ್ಲ ಕೇಳಿದ ಮೇಲೆ ಅವರು ಒಂದು ಷರತ್ತು ಹಾಕಿದರು.

“ಕಲಿಸ್ತೀನಿ. ಆದ್ರ ಮೊದಲ, ನಿನ್ನಿ ಮುಂಜಾನಿಲಿಂದ ಮಲಗೋತನಕ ಏನೇನ್ ಮಾಡೀರಿ, ಬರೀರಿ ನೋಡೂಣು,” ಎಂದು ಕಾಗದ, ಪೆನ್ನು ಕೊಟ್ಟರು.

ಬರೆದೆ. ಕಾಗದದ ಎರಡೂ ಮಗ್ಗುಲು ತುಂಬಿತು. ನನಗೆ ಒಳಗೊಳಗೇ ಹೆಮ್ಮೆ. ಆಪಾ ಕನ್ನಡಕ ಹಾಕಿಕೊಂಡು ಓದಿದರು.

“ಇದ್ರಾಗ ನೀವು ಮಾಡಲಿಲ್ಲಂದ್ರ ಯಾರೂ ಮಾಡಂಗಿಲ್ಲ ಅನ್ನೋವು ಯಾವ್ಯಾವು? ಅವುಗಳ ಕೆಳಗ ಅಷ್ಟೇ ಗೆರಿ ಹೊಡೀರಿ.”

ಪೆನ್ನು ಹಿಡಿದು ಕೂತೆ. ಗಂಡನ ಅಂಗಿಗೆ ಇಸ್ತ್ರಿ? ಅವರಿಗೂ ಕೈ ಇವೆ. ದಿನಾ ಇಪ್ಪತ್ತು ರೊಟ್ಟಿ ಬಡಿಯುವುದು? ಎರಡು ಓಣಿಯಾಚೆ ರೊಟ್ಟಿ ಮಾರುವ ಮನೆಯಿದೆ. ಶಾಲೆಯ ಗುಂಪಿನ ಮೆಸೇಜುಗಳಿಗೆಲ್ಲ ಉತ್ತರ? ಯಾರೂ ಕಾಯುತ್ತಿರಲಿಲ್ಲ. ದಿನಾ ಎರಡು ಸಲ ನೆಲ ಒರೆಸುವುದನ್ನು ನೋಡಿ ನನಗೇ ನಗು ಬಂತು. ಕೊನೆಗೆ ಗೆರೆ ಬಿದ್ದದ್ದು ನಾಲ್ಕಕ್ಕೆ. ಅದರಲ್ಲಿ ಒಂದು, ಮಗಳ ಜೊತೆ ಹತ್ತು ನಿಮಿಷ ಕೂತದ್ದು.

“ಅಮ್ಮನ ಮುಂದ ಆ ವಹಿ ಓದೋದು? ಅದು ಎಲ್ಲಿ ಅದ ಈ ಕಾಗದದಾಗ?” ಆಪಾ ಮೆಲ್ಲಗೆ ಕೇಳಿದರು. “ಅದನ್ನ ನೀವು ಬಿಟ್ರ ಯಾರ್ ಮಾಡ್ತಾರ್ರೀ?”

ನನಗೆ ಕಣ್ಣು ತುಂಬಿ ಬಂತು. ಆಪಾ ಎದ್ದು ಒಳಗೆ ಹೋಗಿ ನೀರು ತಂದುಕೊಟ್ಟರು. “ಮುಂಜಾನಿ ನಮಾಜ್ ಮುಗಿದ ಮ್ಯಾಲ ನಾ ಖಾಲಿ ಇರ್ತೀನಿ. ಆರಕ್ಕ ಬರ್ರಿ. ಅರ್ಧ ತಾಸು ಸಾಕು. ಆ ವಹಿ ಮಾತ್ರ ತರಬ್ಯಾಡ್ರಿ. ಅಮ್ಮ ಹೊರಗಿನವ್ರಿಗೆ ಬ್ಯಾಡ ಅಂದಾರಲ್ಲ. ತಿಳೀದ ಶಬ್ದ ಚೀಟಿಮ್ಯಾಲ ಬರಕೊಂಡು ಬರ್ರಿ, ಅಷ್ಟೇ.”

ಮನೆಯಲ್ಲಿ ಹೇಳಿದಾಗ ಮಗಳು ಖುಷಿಪಟ್ಟಳು. ಗಂಡ, “ಮತ್ತ ಮುಂಜಾನಿ ಚಹಾ?” ಎಂದರು. “ನೀವು ಮಾಡ್ರಿ,” ಎಂದೆ. ಮೊದಲ ದಿನ ನಾನು ಪಾಠ ಮುಗಿಸಿ ಬಂದಾಗ ಒಲೆಯ ತುಂಬ ಹಾಲು ಉಕ್ಕಿತ್ತು. ಅವರು ಒರೆಸುತ್ತಿದ್ದರು. ಇಸ್ತ್ರಿ ಮಾಡಲು ಹೋಗಿ ಒಂದು ಕಾಲರು ಸುಟ್ಟುಕೊಂಡರು. ಎರಡನೆಯ ವಾರಕ್ಕೆ ಅವರ ಚಹಾ ನನ್ನದಕ್ಕಿಂತ ಚೆನ್ನಾಗಿತ್ತು. ಎಲ್ಲವೂ ಇಷ್ಟು ಸಲೀಸಾಗಲಿಲ್ಲ. ಊಟಕ್ಕೆ ಬಂದ ನಾದಿನಿ ತಾಟಿನಲ್ಲಿದ್ದ ರೊಟ್ಟಿಯನ್ನು ಮುರಿದು ನೋಡಿ, “ಕೊಂಡ್ ತಂದದ್ದೇನು ವೈನಿ?” ಎಂದಾಗ ನೆಲಕ್ಕೆ ಇಳಿದುಹೋದ ಹಾಗಾಯಿತು. ಮರುದಿನ ನಾಲ್ಕೂವರೆಗೆ ಎದ್ದು ರೊಟ್ಟಿ ಬಡಿದೆ. ಆರಕ್ಕೆ ಆಪಾ ಎದುರು ಕೂತು ತೂಕಡಿಸಿದೆ. ಅವರು ಪುಸ್ತಕ ಮುಚ್ಚಿ, “ಹೋಗಿ ಮಲಗ್ರಿ. ನಾಳಿಗೆ ನಿದ್ದಿ ಮಾಡಿ ಬರ್ರಿ,” ಎಂದರು. ಆಮೇಲೆ ವಾರದ ದಿನಗಳಲ್ಲಿ ನಾನು ರೊಟ್ಟಿ ಬಡಿಯಲಿಲ್ಲ.

ಅಕ್ಷರಗಳು ನಲವತ್ತೆಂಟರ ಹೆಂಗಸಿಗೆ ಬೇಗ ಒಲಿಯುವುದಿಲ್ಲ. ಚುಕ್ಕೆ ಒಂದು ಕೆಳಗಿದ್ದರೆ ಬೇ, ಎರಡು ಮೇಲಿದ್ದರೆ ತೇ. ಕೂಡಿಸಿ ಬರೆದರೆ ಎಲ್ಲವೂ ರೂಪ ಬದಲಿಸಿ ಯಾರು ಯಾರೆಂದು ತಿಳಿಯದಂತಾಗುತ್ತವೆ. ನಾಲ್ಕನೆಯ ತಿಂಗಳಲ್ಲಿ ಬಸ್ಸು ಸೂಪರ್ ಮಾರ್ಕೆಟ್ ಹತ್ತಿರ ನಿಂತಾಗ ಒಂದು ಅಂಗಡಿಯ ಬೋರ್ಡಿನಲ್ಲಿ ‘ದವಾ’ ಎಂದು ಕಣ್ಣು ತಾನೇ ಓದಿಕೊಂಡಿತು. ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹೆಂಗಸಿಗೆ, “ಅಲ್ಲಿ ಔಷಧ ಅಂತ ಬರ್ದದ ನೋಡ್ರಿ,” ಎಂದೆ. ಆಕೆ ಕೆಳಗಿನ ಕನ್ನಡ ಓದಿ, “ಹೌದ್ರಿ, ಔಷಧದ ಅಂಗಡಿ ಅದ,” ಎಂದಳು.

ಮಗಳಿಗೆ ಜ್ವರ ಬಂದು ಹತ್ತು ದಿನ ಮಲಗಿದಾಗ ಪಾಠ ನಿಂತಿತು. ನಿಂತುಹೋಯಿತಲ್ಲ ಎಂದು ನಾನು ಹಲುಬಿದ್ದಕ್ಕೆ ಆಪಾ ಸಿಟ್ಟಾದರು. “ಈ ಹತ್ತು ದಿನ ಗೆರಿ ಹೊಡ್ಯೋದು ಮಗಳಿಗೇ. ಕಾಗದ ದಿನಾ ಹೊಸಾದ ಬರೀಬೇಕ್ರೀ.” ಅವರೇ ಸಂಜೆ ಗಂಜಿ ಮಾಡಿ ತಂದರು.

ವರ್ಷವಾದ ಮೇಲೆ ಕಪಾಟಿನಿಂದ ವಹಿ ತೆಗೆದೆ. ಮುತ್ಯಾನ ಕೈಬರಹ ಪಾಠದ ಪುಸ್ತಕದ ಹಾಗೆ ಇರಲಿಲ್ಲ. ಅವಸರದಲ್ಲಿ ಚುಕ್ಕೆಗಳನ್ನೇ ಬಿಟ್ಟಿದ್ದ. ಮೊದಲ ಪುಟವನ್ನು ಬಿಡಿಸಿ ಅವ್ವನ ಬಲಗಿವಿಯ ಬಳಿ ಕೂತು ಕನ್ನಡ ಮಾಡಿ ಓದಿದೆ: “ಇವತ್ತು ಬಳ್ಳಿ ಒದ್ದು ನನ್ನ ಮೊಣಕಾಲು ಬಾತಿತು.” ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. “ಬಳ್ಳಿ ಹೆಂಗ ಒದೀತದ? ಎತ್ತು ಒದ್ದಿದ್ದದು. ಕೆಂದೆತ್ತು. ನಾನೇ ಅರಿಷಿಣ ಕುಟ್ಟಿ ಹಚ್ಚೀನಿ.” ಮರುದಿನ ಆಪಾ ಹೇಳಿದರು: ಬೇಲ್ ಎಂದರೆ ಬಳ್ಳಿ, ಬೈಲ್ ಎಂದರೆ ಎತ್ತು, ಬರೆಯುವುದು ಎರಡನ್ನೂ ಒಂದೇ ಥರ.

ಹೀಗೆ ವಾರಕ್ಕೊಂದು ಪುಟ. ಬಿತ್ತನೆ, ಮಳೆ, ಯಾರ ಮನೆಗೆ ಯಾರು ಬಂದರು, ಬಾಳೆಯ ಗಡ್ಡೆ ಎಲ್ಲಿ ನೆಟ್ಟ. ಒಂದು ಗುರುವಾರ ನಾನೊಬ್ಬಳೇ ಕೂತು ಮುಂದಿನ ಪುಟ ಬಿಡಿಸುತ್ತಿದ್ದಾಗ ಅವ್ವನ ಶಾಲೆಯ ಮಾತು ಬಂತು.

ಅವ್ವ ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ‘ನಮ್ಮಪ್ಪ ಬಿಡಿಸಿದ’ ಎಂದಷ್ಟೇ ಹೇಳುತ್ತಿದ್ದಳು. ಅದರಾಚೆ ಏನು ಕೇಳಿದರೂ ಮಾತು ಬದಲಿಸುತ್ತಿದ್ದಳು. ಆ ಪುಟವನ್ನು ಓದಬೇಕೋ ಬೇಡವೋ ಎಂದು ಮೂರು ದಿನ ತೂಗಿದೆ. ಭಾನುವಾರ ಅವಳ ಪಕ್ಕ ಕೂತು, ಕೈ ಹಿಡಿದುಕೊಂಡು ಓದಿದೆ.

“ಇವತ್ತಿನಿಂದ ಮಗಳ ಶಾಲೆ ನಿಂತಿತು. ಅವಳ ತಾಯಿ ಹಾಸಿಗೆ ಹಿಡಿದಿದ್ದಾಳೆ, ಕೂಸನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲ. ಸಂಜೆ ಮನೆಗೆ ಬಂದು ಪಾಠ ಹೇಳಿರೆಂದು ಕೇಳಲು ಮಾಸ್ತರರ ಮನೆಗೆ ಹೋಗಿದ್ದೆ. ಅವರಿಗೆ ಬೇರೆ ಊರಿಗೆ ವರ್ಗವಾಗಿದೆ. ಹುಡುಗಿ ತಾನೇ ಪಾಟಿ-ಬಳಪವನ್ನು ಗೋಡೆಯ ಗೂಡಿನಲ್ಲಿಟ್ಟು ಬಂದಳು. ನನ್ನ ಜೊತೆ ಮಾತಾಡಲಿಲ್ಲ. ನನಗೆ ಊಟ ಸೇರಲಿಲ್ಲ.”

ಅವ್ವ ಅಂಗಳದ ಕಡೆ ಮುಖ ತಿರುಗಿಸಿದಳು. ಕೇಳಿಸಿತೋ ಇಲ್ಲವೋ ಎಂದು ನನಗೆ ಅನುಮಾನ.

“ಇನ್ನೊಮ್ಮಿ ಓದು,” ಎಂದಳು.

ಓದಿದೆ. ಮೂರನೆಯ ಸಲವೂ ಓದಿದೆ.

“ಮಾಸ್ತರ ಮನಿಗಿ ಹೋಗಿದ್ನಾ?” ಎಂದಳು, ಚಿಕ್ಕ ಹುಡುಗಿಯ ದನಿಯಲ್ಲಿ. “ನಂಗೊಂದ್ ಮಾತು ಹೇಳಬೇಕಿಲ್ಲೇನು? ಇಷ್ಟು ವರ್ಷ ನಾ ಸಿಟ್ಟ್ ಹಿಡಿದು ಕೂತೆ.” ಕಣ್ಣೊರೆಸಿಕೊಂಡು ವಹಿಯ ಮೇಲೆ ಅಂಗೈ ಇಟ್ಟಳು. ಎಷ್ಟೋ ಹೊತ್ತು ತೆಗೆಯಲಿಲ್ಲ. ನಾನೂ ಅವಸರ ಮಾಡಲಿಲ್ಲ.

ವಹಿ ಇನ್ನೂ ಅರ್ಧ ಉಳಿದಿದೆ. ಅವ್ವನ ಕಿವಿಗೆ ಈಗ ಯಂತ್ರ ಹಾಕಿಸಿದ್ದೇವೆ. ಅದು ಆಗಾಗ ಕುಂಯ್ ಎಂದು ಕೂಗುತ್ತದೆ. ಕೆಲವು ಭಾನುವಾರ ನಾಲ್ಕು ಸಾಲು ಓದುವಷ್ಟರಲ್ಲಿ ಅವಳಿಗೆ ನಿದ್ದೆ ಬಂದುಬಿಡುತ್ತದೆ. ಎಚ್ಚರಿದ್ದರೆ ಮಾತ್ರ ಅಪ್ಪನನ್ನು ಸುಮ್ಮನೆ ಬಿಡುವುದಿಲ್ಲ. ಹೋದ ವಾರ, ಭಾವಿಯ ಪಕ್ಕ ಮಾವಿನ ಸಸಿ ನೆಟ್ಟೆ ಎಂದು ಅವನು ಬರೆದದ್ದನ್ನು ಓದಿದೆ.

“ಸುಳ್ಳ! ಅಂವ ಎಲ್ಲಿ ನೆಟ್ಟಾನ? ಗುಂಡಿ ಅಂವ ತೋಡ್ಯಾನ, ಸಸಿ ಇಟ್ಟಾಕಿ ನಾನು,” ಎಂದು ಅವ್ವ ವಹಿಯತ್ತ ಬೆರಳು ಮಾಡಿ ಜಗಳಕ್ಕೆ ನಿಂತಳು. “ಬರಿ ಅಲ್ಲಿ, ಬಾಜೂಕ ಬರಿ. ನಾ ಹೇಳೀನಿ ಅಂತ ಬರಿ.”

ಪುಟದ ಅಂಚಿನಲ್ಲಿ, ನನ್ನ ಸೊಟ್ಟ ಉರ್ದುವಿನಲ್ಲಿ, ಅವಳು ಹೇಳಿದಂತೆ ಬರೆದೆ.