ಬಟ್ಟೆಗೆ ಹತ್ತಿದ ಹುಬ್ಬು

ನಮ್ಮ ಕೆಲಸದ ಕೋಣೆಯಲ್ಲಿ ಯಾರಿಗೂ ಪೂರ್ತಿ ಮುಖವಿಲ್ಲ. ತಲೆಗೆ ನೀಲಿ ಟೋಪಿ, ಮೂಗಿನಿಂದ ಗದ್ದದವರೆಗೆ ಮಾಸ್ಕು, ಕೊರಳಿಂದ ಕಾಲಿನವರೆಗೆ ಗೌನು. ಹೊರಗೆ ಉಳಿಯುವುದು ಎರಡು ಕಣ್ಣು, ಅವುಗಳ ಮೇಲೆ ಎರಡು ಹುಬ್ಬು. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿ, ಆಸ್ಪತ್ರೆಯ ಯಂತ್ರಗಳೊಳಗೆ ಕೂರುವ ಅಂಗೈ ಅಗಲದ ಬೋರ್ಡುಗಳನ್ನು ನಾವು ಜೋಡಿಸುತ್ತೇವೆ. ಅದರ ಮೇಲೆ ಪುಡಿಯ ಒಂದು ಕಣ ಬಿದ್ದರೂ ಬೋರ್ಡು ಕಸಕ್ಕೆ. ಆದ್ದರಿಂದ ಈ ವೇಷ. ಒಳಗಿರುವ ನಲವತ್ತು ಹುಡುಗಿಯರು ಒಬ್ಬರನ್ನೊಬ್ಬರು ಗುರುತು ಹಿಡಿಯುವುದು ಹುಬ್ಬು ನೋಡಿಯೇ. ಊಟದ ಹೊತ್ತಿಗೆ ಮಾಸ್ಕು ತೆಗೆದಾಗ, ‘ಅಯ್ಯೋ, ಈ ಹುಬ್ಬಿಗೆ ಈ ಬಾಯಾ!’ ಎಂದು ಹೊಸಬರು ಬೆರಗಾಗುವುದುಂಟು.

ನಾನು ಆ ಕೋಣೆಯ ಸೂಪರ್‌ವೈಸರ್. ದಿನಾ ಬೆಳಿಗ್ಗೆ ಬಾಗಿಲಲ್ಲಿ ಒದ್ದೆ ಮಾಡಿದ ಬಿಳಿ ಬಟ್ಟೆಯ ತುಂಡುಗಳನ್ನು ಹಿಡಿದು ನಿಲ್ಲುತ್ತೇನೆ, ಒಬ್ಬೊಬ್ಬರಿಗೆ ಒಂದೊಂದು. ಹಣೆ, ಕೆನ್ನೆ, ಕಣ್ಣಿನ ಸುತ್ತ ಒರೆಸುತ್ತೇನೆ. ಬಟ್ಟೆಗೆ ಬಣ್ಣ ಹತ್ತಿದರೆ ನಲ್ಲಿಯ ಕಡೆ ಕೈ ತೋರಿಸುತ್ತೇನೆ. ಪೌಡರು, ಕಾಡಿಗೆ, ಕುಂಕುಮ, ಮುಡಿದ ಹೂವು, ಯಾವುದಕ್ಕೂ ರಿಯಾಯಿತಿ ಇಲ್ಲ. ಹಬ್ಬದ ಮರುದಿನ ನಲ್ಲಿಯ ಮುಂದೆ ಉದ್ದನೆಯ ಸಾಲು. ಒಮ್ಮೆ ಕಾರ್ಖಾನೆ ನೋಡಲು ಬಂದ ದೊಡ್ಡ ಸಾಹೇಬರ ಕೆನ್ನೆಯನ್ನೂ ಒರೆಸಿದ್ದೆ. ಅವರು ಮನೆಯಲ್ಲಿ ಯಾರದೋ ಪೌಡರು ಧಾರಾಳವಾಗಿ ಬಳಿದುಕೊಂಡು ಬಂದಿದ್ದರು. ತುಟಿ ಪಿಟ್ಟೆನ್ನದೆ ಹೋಗಿ ಮುಖ ತೊಳೆದುಕೊಂಡು ಬಂದರು. ಅವತ್ತಿನಿಂದ ಹುಡುಗಿಯರು ನನ್ನ ಬಗ್ಗೆ ಎಷ್ಟೇ ಗೊಣಗಲಿ, ‘ಅಕ್ಕನ ಬಟ್ಟೆ ಎಲ್ರಿಗೂ ಒಂದೇ ಕಣ್ರೇ’ ಎಂದು ಮಾತ್ರ ಹೇಳುತ್ತಿದ್ದರು. ಹನ್ನೊಂದು ವರ್ಷದಲ್ಲಿ ಅಲ್ಲಿ ನಾನು ಸಂಪಾದಿಸಿದ್ದು ಆ ಒಂದು ಮಾತು. ಅದರ ಮೇಲೆ ನನಗೆ ಬಹಳ ಜಂಬವಿತ್ತು.

ಇಂಥ ನನಗೆ ಎರಡು ವರ್ಷದ ಹಿಂದೆ ಥೈರಾಯ್ಡ್ ಶುರುವಾಯಿತು. ಡಾಕ್ಟರು ಮಾತ್ರೆ ಕೊಟ್ಟರು. ಸುಸ್ತು ಕಡಿಮೆಯಾಯಿತು, ಆದರೆ ಹುಬ್ಬಿನ ಕೂದಲು ಹೇಳದೆ ಕೇಳದೆ ಹೊರಟುಹೋಯಿತು. ಕೊನೆಗೆ ಮೂಗಿನ ಹತ್ತಿರ ಒಂದಷ್ಟು ಉಳಿದು, ಕಿವಿಯ ಕಡೆಯ ಅರ್ಧ ಬರೀ ಚರ್ಮವಾಯಿತು. ಬೇರೆ ಕಡೆ ಕೆಲಸ ಮಾಡುವವರಾಗಿದ್ದರೆ ಇದೊಂದು ದೊಡ್ಡ ವಿಷಯವಲ್ಲ. ನಮ್ಮಲ್ಲಿ ಮಾತ್ರ ಮುಖವೆಂದರೆ ಹುಬ್ಬು. ಮೊದಲು ನಾನು ಒಂದು ಹುಬ್ಬು ಎತ್ತಿದರೆ ಕೋಣೆಯ ಆ ತುದಿಯಲ್ಲಿ ಹರಟೆ ನಿಲ್ಲುತ್ತಿತ್ತು. ಈಗ ಎತ್ತಿದರೂ ಏರುವುದಕ್ಕೆ ಏನೂ ಇರಲಿಲ್ಲ. ಒಂದು ದಿನ ಊಟದ ಮೇಜಿನಲ್ಲಿ ಒಬ್ಬಳು ಧೈರ್ಯ ಮಾಡಿ ಹೇಳಿಯೇಬಿಟ್ಟಳು.

‘ಅಕ್ಕ, ನೀವು ಬೈತಿದ್ದೀರಾ ತಮಾಷೆ ಮಾಡ್ತಿದ್ದೀರಾ ಅಂತ ಗೊತ್ತೇ ಆಗಲ್ಲ ಕಣಕ್ಕ. ಸೇಫ್ಟಿಗೆ ಹೆದರ್ಕೊಂಡ್ಬಿಡ್ತೀವಿ.’

ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ನನ್ನ ಮುಖ ನೋಡಿಕೊಂಡು ಬೇಜಾರಾಯಿತು. ನಾನು ಬೈಯುವುದಕ್ಕಿಂತ ತಮಾಷೆ ಮಾಡಿದ್ದೇ ಹೆಚ್ಚು. ಆ ತಮಾಷೆಗಳಿಗೆಲ್ಲ ಅವರು ನಡುಗಿದ್ದರೇ?

ಹೆಬ್ಬಗೋಡಿಯ ಬಸ್ ಸ್ಟಾಪಿನ ಎದುರಿಗೆ ಒಂದು ಫ್ಯಾನ್ಸಿ ಸ್ಟೋರ್ ಇದೆ. ಬಳೆ, ಕ್ಲಿಪ್ಪು, ಬಕೆಟ್ಟು, ದೇವರ ಫೋಟೊ ಎಲ್ಲ ಒಂದೇ ಗೋಡೆಗೆ ನೇತುಹಾಕಿರುವ ಅಂಗಡಿ. ಅಲ್ಲಿ ಹುಬ್ಬಿಗೆ ಹಚ್ಚುವ ಪೆನ್ಸಿಲ್ ಕೇಳಿದೆ. ಅಂಗಡಿಯವನು ನನ್ನ ಹುಬ್ಬನ್ನು ಒಂದು ಸಲ ನೋಡಿ, ‘ಮೇಡಂ, ನಿಮಗೆ ಪೆನ್ಸಿಲ್ ಸಾಲಲ್ಲ, ಪೌಡರ್ ತಗೊಳ್ಳಿ’ ಎಂದ. ಮರ್ಯಾದೆ ಹೋದರೂ ಸಲಹೆ ಸರಿಯಾಗಿತ್ತು. ಎರಡು ಮಸಾಲೆ ದೋಸೆಯ ಬೆಲೆಗೆ ಬೆಂಕಿಪೊಟ್ಟಣದಷ್ಟು ಡಬ್ಬಿ. ಮುಚ್ಚಳದೊಳಗೆ ಕನ್ನಡಿ, ಕೆಳಗೆ ಎರಡು ಗುಳಿಗಳಲ್ಲಿ ಗಾಢ ಕಂದು ಒಂದು, ತಿಳಿ ಕಂದು ಒಂದು, ಪಕ್ಕದಲ್ಲಿ ತುದಿ ಓರೆಯಾಗಿ ಕತ್ತರಿಸಿದ ಕಿರುಬೆರಳಿನಷ್ಟು ಚಿಕ್ಕ ಬ್ರಷ್ಷು.

ಮೊದಲ ದಿನ ಬ್ರಷ್ಷನ್ನು ಬದಿಗಿಟ್ಟು, ಕುಂಕುಮ ಇಟ್ಟು ಅಭ್ಯಾಸವಿದ್ದ ಬೆರಳನ್ನೇ ಗಾಢ ಬಣ್ಣದೊಳಗೆ ಅದ್ದಿದೆ. ಫಲ ಭಯಂಕರವಾಗಿತ್ತು. ಒಂದು ಹುಬ್ಬು ಏನೋ ಪ್ರಶ್ನೆ ಕೇಳುತ್ತಿತ್ತು, ಇನ್ನೊಂದು ಉತ್ತರ ಗೊತ್ತಿಲ್ಲ ಅನ್ನುತ್ತಿತ್ತು. ಕಾಫಿ ಕುಡಿಯುತ್ತಿದ್ದ ಗಂಡ ಲೋಟ ಕೆಳಗಿಟ್ಟು, ‘ನಾನೇನ್ ಮಾಡ್ದೆ ಈಗ?’ ಎಂದರು. ನಮ್ಮತ್ತೆಗೆ ಎಂಬತ್ತರ ಹತ್ತಿರ. ಔಷಧಿ ಚೀಟಿ ಕೊಟ್ಟರೆ ಕಣ್ಣು ಕಾಣಲ್ಲ ಅನ್ನುತ್ತಾರೆ, ಪಕ್ಕದ ಮನೆಗೆ ಯಾರು ಬಂದು ಹೋದರು ಅನ್ನುವುದು ಮಾತ್ರ ಕಾಣುತ್ತದೆ. ಅವರು ಜಗಲಿಯಿಂದಲೇ ಕೂಗಿದರು.

‘ಏನವ್ವಾ, ನಿನ್ ಉಬ್ಬು ಎಲ್ಗೋ ಓಗಿತ್ತಲ್ಲ, ಈಗ ನೆಂಟ್ರನ್ನೂ ಕರ್ಕೊಂಡ್ ಬಂದದಾ?’

ಆದರೆ ಬಿಡುವವಳು ನಾನಲ್ಲ. ಸೂಜಿಮೊನೆಯಂಥ ಭಾಗಗಳನ್ನು ಬೋರ್ಡಿನಲ್ಲಿ ಕೂರಿಸಿದ ಕೈ ಇದು. ಒಂದು ವಾರ ದಿನಾ ಸಂಜೆ ಕನ್ನಡಿಯ ಮುಂದೆ ಕೂತೆ. ಬ್ರಷ್ಷಿಗೆ ಪುಡಿ ಹತ್ತಿಸಿದ ಮೇಲೆ ಡಬ್ಬಿಯ ಅಂಚಿಗೆ ಒಮ್ಮೆ ತಟ್ಟಬೇಕು ಎಂದು ಕಲಿತೆ. ತಿಳಿ ಬಣ್ಣ ಮೂಗಿನ ಕಡೆಗೆ, ಗಾಢ ಬಣ್ಣ ತುದಿಗೆ. ಗೆರೆ ಎಳೆಯಬಾರದು, ಕೂದಲು ಇದ್ದ ಜಾಗದಲ್ಲಿ ಸಣ್ಣಸಣ್ಣದಾಗಿ ಮುಟ್ಟಿಸುತ್ತ ಹೋಗಬೇಕು. ನಡುವೆ ಉಸಿರು ಬಿಗಿಹಿಡಿಯಬಾರದು, ಹಿಡಿದರೆ ಕೈ ನಡುಗುತ್ತದೆ. ಭಾನುವಾರ ಬೆಳಿಗ್ಗೆ ಹುಬ್ಬು ಕೂತಿತು. ಕನ್ನಡಿಯಲ್ಲಿ ನನಗೆ ಗೊತ್ತಿದ್ದ ಹೆಂಗಸು ಇದ್ದಳು. ಸುಳ್ಳೇಕೆ ಹೇಳಲಿ, ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡರೆ ಹುಬ್ಬು ಹೋದೀತೆಂದು ಹಾಗೇ ಬಿಟ್ಟೆ. ಅವತ್ತು ನೆಂಟರ ಮನೆಯ ಗೃಹಪ್ರವೇಶದಲ್ಲಿ ಮೂವರು ಬಂದು, ‘ಮುಖ ತುಂಬ್ಕೊಂಡಿದೆ, ಆರೋಗ್ಯ ಚೆನ್ನಾಗಾಯ್ತಾ?’ ಎಂದು ಕೇಳಿದರು. ಅತ್ತೆ ನನ್ನ ಗುಟ್ಟು ಬಿಟ್ಟುಕೊಡಲಿಲ್ಲ. ಎರಡನೇ ಸಲ ಹೋಳಿಗೆ ಬಡಿಸಿಕೊಳ್ಳುವಾಗ ನನ್ನ ಕಡೆ ನೋಡಿ ಕಣ್ಣು ಮಾತ್ರ ಹೊಡೆದರು.

ಸೋಮವಾರ ಬೆಳಿಗ್ಗೆ ನನ್ನ ಕೈ ತಾನಾಗಿಯೇ ಆ ಡಬ್ಬಿಯ ಕಡೆ ಹೋಯಿತು. ಮರೆತು ಹಚ್ಚಿಕೊಂಡೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ. ಇಷ್ಟು ಚಿಟಿಕೆ ಪುಡಿ ಎಲ್ಲಿಗೆ ಹಾರುತ್ತದೆ, ಟೋಪಿ ಸ್ವಲ್ಪ ಕೆಳಗೆ ಎಳೆದುಕೊಂಡರಾಯಿತು ಎಂದು ಬಸ್ಸು ಹತ್ತಿದೆ. ಎಲ್ಲರನ್ನೂ ಪರೀಕ್ಷಿಸುವವಳನ್ನು ಪರೀಕ್ಷಿಸಲು ನಮ್ಮಲ್ಲಿ ಯಾರೂ ಇಲ್ಲ, ಅದೂ ಗೊತ್ತಿತ್ತು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ.

ಆ ಸಾಲಿನಲ್ಲಿ ಕೊಪ್ಪಳದ ಕಡೆಯ ಒಬ್ಬಳು ಹುಡುಗಿ ಇದ್ದಳು. ಬಂದು ಐದು ತಿಂಗಳು, ಇನ್ನೂ ಕೆಲಸ ಕಾಯಂ ಆಗಿರಲಿಲ್ಲ. ಅಣ್ಣ ಅತ್ತಿಗೆಯ ಜೊತೆ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದಳು. ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳದೆ ಮನೆ ಬಿಟ್ಟು ಹೊರಡುವುದು ಅವಳಿಗೆ ಆಗದ ಕೆಲಸ. ತೊಳೆದುಕೊಂಡೇ ಬರುತ್ತಿದ್ದಳು, ಆದರೂ ಒಮ್ಮೊಮ್ಮೆ ಹಣೆಯ ಗೆರೆಗಳಲ್ಲಿ ಎಲ್ಲೋ ಒಂದಿಷ್ಟು ಉಳಿದಿರುತ್ತಿತ್ತು. ಎರಡು ಸಲ ಅವಳ ಬಟ್ಟೆ ಬೂದಿಬಣ್ಣವಾಗಿ ನಾನೇ ಅವಳ ಹೆಸರನ್ನು ತಪ್ಪಿತಸ್ಥರ ಫಲಕದಲ್ಲಿ ಬರೆದಿದ್ದೆ. ಮೂರನೇ ಸಲ ಹೆಸರು ಬಂದರೆ ಕಾಯಂ ಮಾಡುವುದಿಲ್ಲ ಎಂಬುದು ನಿಯಮ. ಆ ಸೋಮವಾರ ಅವಳ ಹಣೆಯನ್ನು ಎರಡು ಬಾರಿ ಉಜ್ಜಿದೆ. ಬಟ್ಟೆ ಬಿಳಿಯಾಗಿಯೇ ಉಳಿಯಿತು. ಅವಳು ಒಳಗೆ ಹೋಗುವ ಮುಂಚೆ ನನ್ನ ಮುಖವನ್ನು ಒಂದು ಕ್ಷಣ ನೋಡಿ ನಕ್ಕಳು. ಚೆಂದ ಕಾಣುತ್ತಿದ್ದೇನೆ ಎಂದುಕೊಂಡು ನಾನೂ ನಕ್ಕೆ.

ಹತ್ತು ಗಂಟೆಯ ಸುಮಾರಿಗೆ ಅವಳ ಮೇಜಿನ ಹತ್ತಿರ ಬಗ್ಗಿ, ಅವಳು ಮುಗಿಸಿದ್ದ ಬೋರ್ಡನ್ನು ಭೂತಗನ್ನಡಿಯಲ್ಲಿ ನೋಡಿದೆ. ಚೆನ್ನಾಗಿದೆ ಎಂದು ಬೆನ್ನು ತಟ್ಟಿ ಮುಂದೆ ಹೋದೆ. ಅರ್ಧ ಗಂಟೆಗೆ ಅವಳೇ ಕೈ ಎತ್ತಿದಳು. ನಮ್ಮಲ್ಲಿ ಕಣ ಕಂಡವರು ಕೈ ಎತ್ತಬೇಕು, ಆಗ ಇಡೀ ಸಾಲಿನ ಕೆಲಸ ನಿಲ್ಲುತ್ತದೆ. ಕ್ವಾಲಿಟಿ ವಿಭಾಗದ ಎಂಜಿನಿಯರು ಓಡಿ ಬಂದ. ಭೂತಗನ್ನಡಿಯ ಕೆಳಗೆ, ಹಸಿರು ಬೋರ್ಡಿನ ಮೇಲೆ, ಒಂದು ಕಂದು ಕಣ. ಹಿಗ್ಗಿಸಿ ನೋಡಿದರೆ ಒಂದು ಹೆಂಟೆಯಷ್ಟಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ಹುಬ್ಬಿನ ಕಡೆ ಹೊರಟಿತು. ಅರ್ಧದಲ್ಲಿ ತಡೆದು ಟೋಪಿ ಸರಿಮಾಡಿಕೊಂಡೆ.

‘ನಿನ್ನದೇ ಇರ್ಬೇಕಲ್ಲ’ ಎಂದ ಎಂಜಿನಿಯರು ಹುಡುಗಿಗೆ. ‘ದಿನಾ ಹಣೆಗೆ ಏನೋ ಹಚ್ಕೊಂಡ್ ಬರ್ತೀಯಂತಲ್ಲ.’

‘ಅದು ಬೆಳ್ಳಗಿರ್ತೈತ್ರಿ ಸರ. ಇದು ಕಂದು ಐತಿ.’

‘ಪುಡಿ ಪುಡೀನೇ. ನಿನ್ನ ಮೇಜು, ನಿನ್ನ ಬೋರ್ಡು. ಬೇರೆ ಯಾರದ್ದು ಇರತ್ತೆ ಹೇಳು?’

ಆಗ ಅವಳು ನನ್ನ ಕಡೆ ನೋಡಿದಳು. ಕಣ್ಣನ್ನಲ್ಲ, ಕಣ್ಣಿನ ಮೇಲೆ. ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ಬಾಗಿಲಲ್ಲಿ ನಕ್ಕಾಗಲೇ ಗೊತ್ತಿತ್ತು. ಅವಳು ಕಣ್ಣು ತಗ್ಗಿಸಿದಳು.

‘ಯಾರದೋ ಗೊತ್ತಿಲ್ರಿ ಸರ’ ಎಂದಳು. ‘ನಂದೇ ಇರಬೇಕು ತಗೋರಿ.’

ನಾನು ಸುಮ್ಮನಿದ್ದೆ. ಎಷ್ಟು ಹೊತ್ತು ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಎಂಜಿನಿಯರು ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಕಾಗದದಲ್ಲಿ ಅವಳ ಟೇಬಲ್ಲಿನ ನಂಬರು ಬರೆಯುವವರೆಗೂ ಸುಮ್ಮನಿದ್ದೆ. ಆ ಹೊತ್ತಿನಲ್ಲಿ ನಾನು ಅವಳ ಬಗ್ಗೆ ಯೋಚಿಸಲಿಲ್ಲ. ‘ಅಕ್ಕನ ಬಟ್ಟೆ ಎಲ್ರಿಗೂ ಒಂದೇ’ ಎನ್ನುವ ಮಾತನ್ನು ಇನ್ನು ಮೇಲೆ ಯಾರೂ ಹೇಳುವುದಿಲ್ಲವಲ್ಲ ಎಂದು ಯೋಚಿಸಿದೆ. ಅವನು ಅವಳ ಹೆಸರು ಕೇಳಿದ. ಅವಳು ಅದನ್ನೂ ಹೇಳಲು ತಲೆ ಎತ್ತಿದಳು.

‘ಬರೀಬೇಡಿ ಸಾರ್’ ಎಂದೆ. ‘ಅದು ನಂದು.’

ಅವನಿಗೆ ಅರ್ಥವಾಗಲಿಲ್ಲ. ಮೇಜಿನ ಮೇಲಿದ್ದ ಬಿಳಿ ಬಟ್ಟೆ ತೆಗೆದುಕೊಂಡು, ಟೋಪಿ ಮೇಲೆ ಸರಿಸಿ, ಎಡ ಹುಬ್ಬನ್ನು ಒಂದೇ ಸಲಕ್ಕೆ ಒರೆಸಿ ಅವನ ಮುಂದೆ ಹಿಡಿದೆ. ಬಟ್ಟೆಯ ಮೇಲೆ ಪೂರ್ತಿ ಹುಬ್ಬು ಇತ್ತು, ಬಾಗು ಸಮೇತ. ಒಂದು ವಾರ ಕಷ್ಟಪಟ್ಟು ಕಲಿತದ್ದು ಅಲ್ಲಿ ಅಷ್ಟು ಚೆನ್ನಾಗಿ ಮೂಡಿತ್ತು.

‘ಮೇಡಂ, ನೀವಾ?’ ಎಂದ ಅವನು.

ಆಮೇಲೆ ಯಾರೋ ಮಾಸ್ಕಿನೊಳಗೆ ಕಿಸಕ್ಕೆಂದಳು. ಒಂದು ಹುಬ್ಬಿನ ಸೂಪರ್‌ವೈಸರ್ ಎದುರಿಗೆ ನಿಂತಿರುವಾಗ ಎಷ್ಟು ಹೊತ್ತು ತಡೆದುಕೊಂಡಾರು? ಎರಡು ನಿಮಿಷದಲ್ಲಿ ನಲವತ್ತು ಮಾಸ್ಕುಗಳೂ ಕುಲುಕುತ್ತಿದ್ದವು. ಮುಖ ತೊಳೆದುಕೊಂಡು ಬಂದೆ, ಬಾಗಿಲ ಪಕ್ಕದ ಫಲಕದಲ್ಲಿ ಆ ದಿನದ ತಪ್ಪಿತಸ್ಥರ ಜಾಗದಲ್ಲಿ ನನ್ನ ಹೆಸರನ್ನು ನಾನೇ ಬರೆದೆ. ಅಕ್ಷರ ಸೊಟ್ಟಗಾಯಿತು. ಸಂಜೆಯವರೆಗೆ ಅದು ಅಲ್ಲೇ ಇತ್ತು, ಹೋಗಿ ಬರುವವರೆಲ್ಲ ಓದಿದರು. ನಗು ನನಗೆ ಅಷ್ಟು ಚುಚ್ಚಲಿಲ್ಲ. ಚುಚ್ಚಿದ್ದು ಆ ಹುಡುಗಿ ನನಗಾಗಿ ಹೇಳಿದ ಸುಳ್ಳು. ಬಸ್ಸಿಗೆ ಹೋಗುವ ದಾರಿಯಲ್ಲಿ ಅವಳನ್ನು ನಿಲ್ಲಿಸಿ, ಹಾಗೇಕೆ ಹೇಳಿದೆ ಎಂದು ಕೇಳಿದೆ.

‘ನಿಮಗ ಚಂದ ಕಾಣಸ್ತಿತ್ರಿ ಅಕ್ಕಾರ’ ಎಂದಳು. ಅವಳಿಗೆ ಅಷ್ಟೇ ಕಾರಣ ಸಾಕಾಗಿತ್ತು.

ಪುಡಿಯ ಡಬ್ಬಿ ಈಗಲೂ ಇದೆ. ಭಾನುವಾರಕ್ಕೆ ಮಾತ್ರ. ಬಣ್ಣ ಚೆನ್ನಾಗಿ ನಿಲ್ಲುತ್ತದೆ, ಬೆವರಿಗೆ ಮಾತ್ರ ಸ್ವಲ್ಪ ಜಾರುತ್ತದೆ. ಕೇಳಿದವರಿಗೆಲ್ಲ ಕೊಳ್ಳಿ ಎಂದೇ ಹೇಳುತ್ತೇನೆ. ಗಾಢ ಬಣ್ಣದ ಗುಳಿಯಲ್ಲಿ ಅತ್ತೆಯ ಬೆರಳಿನ ಗುರುತು ಮೂಡಿದೆ. ಕೇಳಿದರೆ ಅವರಿಗೆ ಕಣ್ಣು ಕಾಣುವುದಿಲ್ಲ.

ಆ ಸೋಮವಾರದ ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತಾಗ ನನಗೆ ಮೊದಲಿನ ಹಾಗೆ ಮುಖಗಳ ಕಡೆ ಕೈ ಚಾಚಲು ಆಗಲಿಲ್ಲ. ಒಂದು ತುಂಡು ಬಟ್ಟೆ ಒದ್ದೆ ಮಾಡಿ ಕೊಪ್ಪಳದ ಹುಡುಗಿಯ ಕೈಗೆ ಕೊಟ್ಟು, ‘ಮೊದಲು ನನ್ನನ್ನ ಒರೆಸು’ ಎಂದೆ. ಅವಳು ಹಿಂದೆ ಮುಂದೆ ನೋಡಿದಳು. ಸಾಲಿನಿಂದ ಯಾರೋ, ‘ಒರ್ಸೇ, ಅಕ್ಕನೇ ಹೇಳ್ತಿದಾರಲ್ಲ’ ಎಂದರು. ಅವಳು ಹತ್ತಿರ ಬಂದು, ಎಡಗೈಯಿಂದ ನನ್ನ ಗದ್ದವನ್ನು ಮೆಲ್ಲಗೆ ಹಿಡಿದು ಮುಖವನ್ನು ಬೆಳಕಿನ ಕಡೆ ತಿರುಗಿಸಿದಳು. ಬೋಳು ಹುಬ್ಬುಗಳನ್ನು ಅಷ್ಟು ಹತ್ತಿರದಿಂದ ಇನ್ನೊಬ್ಬರು ನೋಡುತ್ತಿದ್ದಾರೆ ಎಂದು ಮೈಯೆಲ್ಲ ಹಿಡಿಯಾಯಿತು.

‘ಕಣ್ಣ ಮುಚ್ಚರಿ ಅಕ್ಕಾರ’ ಎಂದಳು. ‘ನೀರು ಒಳಗ ಹೋದೀತು.’

ಮುಚ್ಚಿದೆ. ಹನ್ನೊಂದು ವರ್ಷ ಆ ಬಾಗಿಲಲ್ಲಿ ದಿನಾ ಮುಖ ಒರೆಸಿದ್ದೇನೆ. ಕಣ್ಣು ಮುಚ್ಚು ಎಂದು ಒಬ್ಬಳಿಗೂ ಹೇಳಿರಲಿಲ್ಲ.