ಹೆದ್ದಾರಿ ಕಲ್ಲಿನ ಮೂರನೆಯ ಹೆಸರು

ಇಜೇರಿ ಹತ್ತಿರ ಹೆದ್ದಾರಿಯ ಒಂದು ತುಂಡಿಗೆ ವೀರಯೋಧರ ಮಾರ್ಗ ಎಂದು ಹೆಸರಿಟ್ಟರು. ಪ್ರಾಣ ಕೊಟ್ಟವರಿಗೂ ಗಾಯಗೊಂಡವರಿಗೂ ಸಲ್ಲುವ ಗೌರವ ಎಂದು ಕರಪತ್ರದಲ್ಲಿತ್ತು. ರಸ್ತೆ ಬದಿಗೆ ನಿಲ್ಲಿಸಿದ ಕರಿಕಲ್ಲಿನಲ್ಲಿ ಮೂರು ಹೆಸರು. ಮೊದಲಿನ ಇಬ್ಬರು ಗಡಿಯಿಂದ ಪೆಟ್ಟಿಗೆಯಲ್ಲಿ ಬಂದವರು. ಮೂರನೆಯವನು ನನ್ನ ಚಿಕ್ಕಪ್ಪನ ಮಗ, ನನಗೆ ತಮ್ಮ. ಒಂದು ಕಾಲು ಕಳೆದುಕೊಂಡು ಊರುಗೋಲಿನ ಮೇಲೆ ಮನೆಗೆ ಬಂದವನು.

ಮೂರೂ ಹೆಸರಿನ ಮೊದಲು ‘ಲಿಂಗೈಕ್ಯ’ ಎಂದು ಕೆತ್ತಿಸಿದ್ದರು. ನಮ್ಮ ಲಿಂಗವಂತರ ಮನೆಗಳಲ್ಲಿ ಸತ್ತವರ ಹೆಸರಿಗೆ ಹಚ್ಚುವ ಶಬ್ದ ಅದು.

ಕಾರ್ಯಕ್ರಮದ ದಿನ ಮುಂಜಾನೆ, ಕಲ್ಲಿಗೆ ಹೊದಿಸಿದ್ದ ಬಟ್ಟೆ ಗಾಳಿಗೆ ಸರಿದಾಗ ಅದನ್ನು ಮೊದಲು ಓದಿದವಳು ತಮ್ಮನ ಹೆಂಡತಿ. ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: “ಇವರು ನನ್ನ ಬಾಜೂಕ ಕುಂತಾರ, ಭಾವಾರ. ಕಲ್ಲಿನ ಮ್ಯಾಲ ನಾ ಮುಂಡಿ ಆಗೀನಿ. ಪರದೆ ಸರ್ಸೂಕಿಂತ ಮೊದಲ ಆ ಅಕ್ಷರ ತೆಗಸ್ರಿ.”

ಕಲ್ಲು ನಿಲ್ಲಿಸಿದ ಸಮಿತಿಯ ಅಧ್ಯಕ್ಷರು ಅಡತಿ ವ್ಯಾಪಾರಿ, ರೈತರ ತೊಗರಿಯನ್ನು ಕಮಿಷನ್ ಮೇಲೆ ಮಾರಿಕೊಡುವವರು. ಹೋಗಿ ಕೇಳಿದೆ. ಅದು ಗೌರವದ ಶಬ್ದವೇ ಅಲ್ಲವೇ ಎಂದರು. ಮೂರೂ ಸಾಲು ಒಂದೇ ಅಳತೆಗೆ ಬಂದರೆ ಕಲ್ಲು ಚಂದ ಕಾಣುತ್ತದೆ ಎಂದರು. ಸದ್ಯಕ್ಕೆ ಒಂದು ಚೀಟಿಯನ್ನಾದರೂ ಅಂಟಿಸಿ ಎಂದೆ. ಅತಿಥಿಗಳ ಕಾರು ಆಗಲೇ ಜೇವರ್ಗಿ ದಾಟಿದೆ, ಚೀಟಿ ಹಚ್ಚಿದರೆ ಫೋಟೋ ಕೆಡುತ್ತದೆ ಎಂದರು. ಮಾತಿನ ನಡುವೆಯೂ ಅವರ ಕೈ ಶಾಲು ಎಣಿಸುತ್ತಲೇ ಇತ್ತು.

ಪರದೆ ಸರಿಯಿತು. ಅತಿಥಿ ಮೂರೂ ಹೆಸರನ್ನು ಆ ಶಬ್ದ ಹಚ್ಚಿಯೇ ಓದಿದರು. ಆಮೇಲೆ ಮೌನಾಚರಣೆ. ಎಲ್ಲರೂ ಎದ್ದೆವು, ತಮ್ಮ ಏಳಲಿಲ್ಲ. ಎದೆಗೆ ಬಿಲ್ಲೆ ಹಚ್ಚಿಕೊಂಡ ಸ್ವಯಂಸೇವಕನೊಬ್ಬ ಬಂದು ಅವನ ಭುಜ ತಟ್ಟಿದ. “ಏಳ್ರಿ, ಸತ್ತವರಿಗೆ ಮರ್ಯಾದಿ ಕೊಡ್ರಿ.”

“ಮೂರನೇದಾವ ನಾನೇ ಅದೀನಪಾ. ಸತ್ತಾವ ಹ್ಯಾಂಗ ಏಳ್ತಾನ?”

ಅವನು ಹೀಗೆಂದಾಗ ನಕ್ಕನೆಂದು ನನ್ನ ನೆನಪು. ನಗಲಿಲ್ಲ ಎನ್ನುತ್ತಾಳೆ ಅವನ ಹೆಂಡತಿ. ಅವಳೇ ಸರಿ ಇರಬಹುದು. ಆ ಹೊತ್ತನ್ನು ನುಂಗಿಕೊಳ್ಳಲಿಕ್ಕೆ ನಗುವನ್ನು ನಾನೇ ಆಮೇಲೆ ಸೇರಿಸಿಕೊಂಡಿರಬೇಕು. ಆದರೆ ಮುಂದಿನದು ನನ್ನ ಕಲ್ಪನೆಯಲ್ಲ. ಅವಳು ನೆಟ್ಟಗೆ ಕಲ್ಲಿನ ಹತ್ತಿರ ಹೋದಳು. ಪೂಜೆಯ ತಟ್ಟೆಯಲ್ಲಿದ್ದ ಕುಂಕುಮವನ್ನು ಕಾಯಿನೀರಿನಲ್ಲಿ ಕಲಸಿ ಮೂರನೆಯ ಸಾಲಿನ ‘ಲಿಂಗೈಕ್ಯ’ದ ಮೇಲೆ ಬಳಿದಳು. ಬೆರಳಿಂದಲ್ಲ, ಅಂಗೈಯಿಂದ, ಮಣ್ಣಿನ ಗ್ವಾಡಿ ಸಾರಿಸುವ ಹಾಗೆ. ಕ್ಯಾಮೆರಾಗಳು ಮುಂದೆ ನುಗ್ಗಿದವು. ಒಬ್ಬ ಅವಳಿಗೆ, ಇನ್ನೊಮ್ಮೆ ಹಚ್ಚಿರಿ, ಮುಖ ಈ ಕಡೆ ಮಾಡಿರಿ ಎಂದ.

ಮರುದಿನ ಪೇಪರಿನಲ್ಲಿ ಆ ಫೋಟೋ ಬಂತು. ವೀರಪತಿಯ ಹೆಸರಿಗೆ ಪೂಜೆ ಸಲ್ಲಿಸಿದ ಪತ್ನಿ ಎಂದು ಕೆಳಗೆ ಬರೆದಿದ್ದರು. ಸಾಂತ್ವನ ಹೇಳಲು ಅಫಜಲಪುರದಿಂದ ಬೀಗರು ಓಡಿ ಬಂದರು. ಬಾಗಿಲಲ್ಲಿ ತಮ್ಮನನ್ನೇ ಕಂಡು ಚಹಾ ಕುಡಿದು ಹೋದರು.

ನಾನು ಮತ್ತೆ ಮತ್ತೆ ಫೋನ್ ಮಾಡಿದ ಮೇಲೆ ಕಲ್ಲು ಸರಿಮಾಡಿದ್ದೇವೆ ಎಂದು ಅಧ್ಯಕ್ಷರು ಹೇಳಿಕಳಿಸಿದರು. ಹೋಗಿ ನೋಡಿದೆ. ಉಳಿಯಿಂದ ಕೆರೆದು ತೆಗೆದದ್ದು ತಮ್ಮನ ಹೆಸರನ್ನು. ಶಬ್ದ ಅಲ್ಲೇ ಇತ್ತು, ಅದರ ಮುಂದೆ ಒರಟಾದ ಬಿಳಿ ಜಾಗ.

ಶಬ್ದ ಯಾಕೆ ಬಿಟ್ಟಿರಿ ಎಂದು ಅಡತಿ ಅಂಗಡಿಗೇ ಹೋಗಿ ಕೇಳಿದೆ.

“ಇರ್ಲಿ ಬಿಡ್ರಿ ಸರ್,” ಎಂದರು, ಕುರ್ಚಿ ನನ್ನ ಕಡೆ ಸರಿಸುತ್ತಾ. “ಮುಂದ ಯಾರದರ ಹೆಸರು ಬರೀಲಿಕ್ಕ ಬೇಕಾಗ್ತದಲ್ಲ.”

ಹೆಸರು ತೆಗೆದರು ಎಂದಷ್ಟೇ ಮನೆಯಲ್ಲಿ ಹೇಳಿದೆ. ತಮ್ಮನ ಹೆಂಡತಿ ತಾಳಿಯನ್ನು ಕಣ್ಣಿಗೊತ್ತಿಕೊಂಡಳು. ತಮ್ಮ ಮಾತ್ರ, ಬರೇ ಹೆಸರನ್ನಷ್ಟೇ ತೆಗೆದರೇನು, ಆ ಶಬ್ದ ಅಲ್ಲೇ ಇದೆಯೇನು ಎಂದು ಕೇಳಿದ.